ಅವ್ವನ ಸತ್ಯವೇದ ಹೊಲಿದುಕೊಟ್ಟ ಬೀದರ್‌ನ ಬೈಂಡಿಂಗ್ ಅಂಗಡಿ

ಮನೆಯಲ್ಲಿ ಹಳೆಯ ಬೈಬಲ್ ಹಾಳೆ ಕಳಚಿ ಬಿದ್ದಿದ್ದರೆ ಬೀದರ್ ಹಳೇ ಊರಿನ ಈ ಅಂಗಡಿಗೆ ಒಯ್ಯಿರಿ. ಚೌಬಾರ ಗೋಪುರ ದಾಟಿ ಸ್ವಲ್ಪ ಮುಂದೆ, ಗಲ್ಲಿಯೊಳಗೆ ಇದೆ. ಬೋರ್ಡು ಇಲ್ಲ. ಬಾಗಿಲಲ್ಲಿ ರಟ್ಟಿನ ರಾಶಿ, ಒಳಗೆ ಕೈಯಿಂದ ತಿರುಗಿಸುವ ಕಬ್ಬಿಣದ ಪ್ರೆಸ್ಸು ಕಂಡರೆ ಅದೇ. ವಯಸ್ಸಾದ ಚಾಚಾ ಒಬ್ಬರೇ ಕೂತಿರುತ್ತಾರೆ.

ನಾನು ಒಯ್ದದ್ದು ಅವ್ವನ ಸತ್ಯವೇದ. ಬೆನ್ನು ಪೂರ್ತಿ ಹೋಗಿತ್ತು, ಆದಿಕಾಂಡದ ಮೊದಲ ಹಾಳೆಗಳು ಬಿಡಿಬಿಡಿ, ಕೀರ್ತನೆಗಳ ನಡುವೆ ಪುಸ್ತಕವೇ ಎರಡು ಹೋಳು. ಮೊದಲು ಕೇಳಿದ ಝೆರಾಕ್ಸ್ ಅಂಗಡಿಯವನು, "ಸ್ಪೈರಲ್ ಹಾಕಿಕೊಡ್ತೀನ್ರಿ, ಇಲ್ಲಾಂದ್ರ ಹೊಸದು ತಗೋರಿ" ಅಂದ. ಹೊಸದು ತಗೊಳ್ಳುವುದಾದರೆ ನಾನ್ಯಾಕೆ ಅಲೆಯುತ್ತಿದ್ದೆ?

ಅವ್ವ ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಗಿನ ಜಾವ ಒಲೆ ಹಚ್ಚುವ ಮುಂಚೆ ಓದಿ, ಅವತ್ತಿನ ಕೊರತೆಯನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದಳು. ಜೋಳ ಮುಗೀತು. ಸಣ್ಣವನಿಗೆ ಜ್ವರ. ಪರೀಕ್ಷೆ ಫೀಸು. 121ನೇ ಕೀರ್ತನೆಗೆ ಇರುವುದು ಎಂಟೇ ವಚನ, ಅದರ ಸುತ್ತ ಅವಳ ಬರಹ ಹನ್ನೊಂದು ಸಾಲು. ಸಹಾಯ ಬಂದಾಗ ಪಕ್ಕದಲ್ಲಿ ಒಂದು 'ಎ' ಹಾಕುತ್ತಿದ್ದಳು. ಎಬೆನೆಜೆರ್. ಇಸ್ರಾಯೇಲರು ತಮ್ಮ ಶತ್ರುಗಳಾದ ಫಿಲಿಷ್ಟಿಯರನ್ನು ಸೋಲಿಸಿದ ಮೇಲೆ ಪ್ರವಾದಿ ಸಮುವೇಲನು ಕಲ್ಲು ನಿಲ್ಲಿಸಿ, ದೇವರು ಇಲ್ಲಿಯವರೆಗೂ ನಮಗೆ ಸಹಾಯ ಮಾಡಿದನು ಎಂದು ಇಟ್ಟ ಹೆಸರು. ಸಹಾಯದ ಕಲ್ಲು ಅಂತ ಅರ್ಥ.

ಇಷ್ಟು ಸಣ್ಣದಕ್ಕೆಲ್ಲ ದೇವರನ್ನು ಯಾಕೆ ಕಾಡುತ್ತೀ ಎಂದು ಸಂಬಂಧಿಕರು ಅವಳಿಗೆ ಹೇಳಿದ್ದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಅವತ್ತಿನ ರೊಟ್ಟಿ ಕೇಳುವುದಿದೆ. ಅರಣ್ಯದಲ್ಲಿ ಇಸ್ರಾಯೇಲರು ದೇವರು ಆಕಾಶದಿಂದ ಸುರಿಸಿದ ಮನ್ನ ಎಂಬ ಆಹಾರವನ್ನೂ ಅವತ್ತಿಗೆ ಬೇಕಾದಷ್ಟೇ ಕೂಡಿಸಬೇಕಿತ್ತು, ಬೆಳಗಿನವರೆಗೆ ಇಟ್ಟುಕೊಂಡವರದು ಹುಳ ಬಿತ್ತು. 'ಎ' ಇಲ್ಲದ ಸಾಲುಗಳೂ ಇವೆ. "ಇವರ ಕುಡಿತ" ಅಂತ ನಾಲ್ಕು ಕಡೆ ಬರೆದಿದ್ದಾಳೆ, ಒಂದರ ಪಕ್ಕದಲ್ಲೂ ಇಲ್ಲ. ಆದರೂ ನಾಲ್ಕನೇ ಸಲ ಬರೆದಿದ್ದಾಳಲ್ಲ, ಆ ಹಾಳೆ ತೆರೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಚಾಚಾ ಪುಸ್ತಕ ತಿರುವುತ್ತಾ ಅಲ್ಲೇ ನಿಂತರು. "ಈ ಪೆನ್ಸಿಲ್ ಯಾರದವ್ವಾ?"

"ನಮ್ಮ ಅವ್ವಂದು ರೀ."

"ಹೊಲಿದ ಮ್ಯಾಲ ಮೂರೂ ಕಡೆ ಕತ್ತರಿಸ್ತೀವಿ. ಕತ್ತರಿಸಿದ್ರ ಇದು ಹೋಗ್ತದ. ಹಂಗೇ ಬಿಡ್ತೀನಿ, ಅಂಚು ಒರಟ ಕಾಣ್ತದ. ನಡೀತದೇನು?"

ನನಗೆ ಇದು ಹೊಳೆದೇ ಇರಲಿಲ್ಲ. ಅವರು ಕೇಳದಿದ್ದರೆ ಅರ್ಧ ಅಕ್ಷರಗಳು ಕಟರ್ ಕೆಳಗೆ ಹೋಗುತ್ತಿದ್ದವು.

ಕೆಲಸ ಅಚ್ಚುಕಟ್ಟು. ಬೈಬಲ್ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು, ಅಂಟು ಜಾಸ್ತಿಯಾದರೆ ಹಾಳೆಗಳು ಒಂದಕ್ಕೊಂದು ಹಿಡಿಯುತ್ತವೆ. ಅದಕ್ಕೇ ಅವರು ದಾರದಿಂದ ಹೊಲಿದು, ಬೆನ್ನಿಗೆ ಮಾತ್ರ ಅಂಟು ಹಚ್ಚಿ ಬಟ್ಟೆ ಹಾಕಿದ್ದಾರೆ. ಹಿಂದೆ ನಾನೇ ಅಂಟಿಸಿದ್ದ ಸೆಲೋ ಟೇಪು ಹಳದಿ ಕಲೆ ಬಿಟ್ಟಿದೆ, ಅದು ಹೋಗಿಲ್ಲ. ಟೇಪು ಮಾತ್ರ ಹಚ್ಚಬೇಡಿರಿ ಅಂತ ಎರಡು ಸಲ ಹೇಳಿ ಕಳಿಸಿದರು.

ಕೊರತೆ ಎಂದರೆ ಸಮಯ. ನಾಲ್ಕು ದಿನ ಅಂದವರು ಒಂಬತ್ತು ದಿನ ತಗೊಂಡರು, ಫೋನ್ ಎತ್ತಲಿಲ್ಲ. ಆ ದಿನಗಳಲ್ಲೇ ನನ್ನ ಹೊಲಿಗೆ ಮಷೀನಿನ ಮೋಟರ್ ಸುಟ್ಟಿತು. ಮದುವೆ ಮನೆಯ ಹನ್ನೊಂದು ಬ್ಲೌಸು ಬಾಕಿ. ಓದೋಣವೆಂದರೆ ಅವ್ವನ ಪುಸ್ತಕವೂ ಕೈಯಲ್ಲಿಲ್ಲ. ಅವಳು ಹೇಳುತ್ತಿದ್ದ, ಸಾಲದಲ್ಲಿ ಬಿದ್ದ ವಿಧವೆಯ ಕಥೆ ನೆನಪಾಯಿತು, ಬೈಬಲಿನ ಅರಸುಗಳು ಎರಡನೇ ಭಾಗದ ನಾಲ್ಕನೇ ಅಧ್ಯಾಯದ್ದು. ಮನೆಯಲ್ಲಿ ಏನಿದೆ ಎಂದು ಪ್ರವಾದಿ ಎಲೀಷನು ಕೇಳುತ್ತಾನೆ, ಎಣ್ಣೆ ಬಿಟ್ಟರೆ ಏನೂ ಇಲ್ಲ ಎನ್ನುತ್ತಾಳೆ. ದೇವರು ಆ ಎಣ್ಣೆಯನ್ನು ಪಾತ್ರೆಗಳು ತುಂಬುವಷ್ಟು ಹೆಚ್ಚಿಸಿದನು, ಆದರೆ ಅದಕ್ಕೂ ಮುಂಚೆ ಅವಳು ನೆರೆಮನೆಗಳಿಗೆ ಹೋಗಿ ಬರಿದಾದ ಪಾತ್ರೆ ಕೇಳಿ ತರಬೇಕಿತ್ತು. ನಾನು ಯಾವತ್ತೂ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿದವಳು, ಮಂದಿ ಮುಂದೆ ಬಾಯಿಬಿಡಲು ನಾಚಿಕೆ. ಅವತ್ತು ಪ್ರಾರ್ಥಿಸಿ ಹಿಂದಿನ ಮನೆಯ ಕದ ತಟ್ಟಿದೆ. ಅಟ್ಟದ ಮೇಲಿದ್ದ ಕಾಲು ಮಷೀನು ಇಳಿಸಿಕೊಟ್ಟರು. ಅವರ ಸೊಸೆ ಎರಡು ರಾತ್ರಿ ಕೂತು ಹುಕ್ಕು, ಹೆಮ್ಮಿಂಗ್ ಮಾಡಿದಳು. ಒಂಬತ್ತು ಬ್ಲೌಸು ಹೊತ್ತಿಗೆ ಸರಿಯಾಗಿ ಹೋದವು, ಎರಡು ತಡವಾದವು. ಇದು ದೇವರು ಕೊಟ್ಟ ಸಹಾಯವೇ.

ಪುಸ್ತಕ ಈಗ ಎಲ್ಲಿ ತೆರೆದರೂ ಮಡಚಿಕೊಳ್ಳದೆ ಅಗಲವಾಗಿ ಕೂರುತ್ತದೆ. 121ರ ಪಕ್ಕದಲ್ಲಿ ಜಾಗ ಉಳಿದಿರಲಿಲ್ಲ, ಮುಂದಿನ ಪುಟದಲ್ಲಿ "ಮೋಟರ್" ಅಂತ ಬರೆದು 'ಎ' ಹಾಕಿದೆ.

ನಾನು ಕೊಟ್ಟದ್ದು 450 ರೂಪಾಯಿ. ರೆಕ್ಸಿನ್ ಕಪ್ಪು, ಮರೂನ್ ಎರಡೇ ಬಣ್ಣ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುತ್ತಾರೆ, ಆ ಹೊತ್ತು ಬಿಟ್ಟು ಹೋಗಿ. ಅಂಚಿನಲ್ಲಿ ಬರಹವಿದ್ದರೆ ಕೊಡುವಾಗಲೇ ತೆರೆದು ತೋರಿಸಿ.