ಫೋಟೋದಲ್ಲಿ ಗರುಡನ ಬಿಳಿ ತಲೆ ಉಳಿಸಿದ್ದು ಯಾವ ಕ್ಯಾಮೆರಾ ಮೋಡ್?

ಕಾರವಾರದ ಕೋಡಿಬಾಗದಲ್ಲಿ ನಿಂತು ಕಾಳಿ ನದಿಯ ಆಚೆ ದಡ ನೋಡಿದರೆ ಮೇಲೆ ಬೆಳ್ಳನೆಯ ಆಕಾಶ, ಕೆಳಗೆ ಸದಾಶಿವಗಡದ ಕಡುಹಸಿರು ಗುಡ್ಡ, ಅದಕ್ಕೂ ಕೆಳಗೆ ಬಿಸಿಲಿಗೆ ಹೊಳೆಯುವ ನೀರು. ಮೀನಿಗೆ ಎರಗುವ ಗರುಡ ಎರಡು ಮೂರು ಸೆಕೆಂಡಿನಲ್ಲಿ ಈ ಮೂರನ್ನೂ ದಾಟಿಬಿಡುತ್ತದೆ. ಹಿನ್ನೆಲೆ ಮೂರು ಸಲ ಬದಲಾದರೂ ಹಕ್ಕಿಯ ಮೈಮೇಲೆ ಬೀಳುವ ಬಿಸಿಲು ಅಷ್ಟೇ ಇರುತ್ತದೆ. ಇದು ಮನಸ್ಸಿಗೆ ಇಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ಒಂದೇ ಕ್ಯಾಮೆರಾ, ಒಂದೇ 150-600 ಮಿ.ಮೀ. ಝೂಮ್ ಲೆನ್ಸ್ ಇಟ್ಟುಕೊಂಡು ಮೂರು ವಿಧಾನ ಪರೀಕ್ಷಿಸಿದೆ: ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನಾವು ಹೇಳುತ್ತೇವೆ, ಶಟರ್ ವೇಗ ಕ್ಯಾಮೆರಾ ಆರಿಸುತ್ತದೆ), ಪೂರ್ತಿ ಮ್ಯಾನುವಲ್ (ಎಲ್ಲವೂ ನಮ್ಮ ಕೈಯಲ್ಲಿ), ಮತ್ತು ಮ್ಯಾನುವಲ್ ಜೊತೆ ಆಟೋ ಐಎಸ್‌ಒ (ಕಿಂಡಿ, ಶಟರ್ ನಮ್ಮದು, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ ಮಾತ್ರ ಕ್ಯಾಮೆರಾದ್ದು).

ಅಪರ್ಚರ್ ಪ್ರಯಾರಿಟಿಯನ್ನು ಹಾರುವ ಹಕ್ಕಿಗೆ ನಾನು ಕೈಬಿಟ್ಟಿದ್ದೇನೆ. ಕಿಂಡಿ ಎಫ್ 6.3, ಐಎಸ್‌ಒ 800 ಇಟ್ಟು ತೆಗೆದ ಹನ್ನೊಂದು ಫ್ರೇಮುಗಳ ಒಂದು ಸರಣಿ ಇನ್ನೂ ನನ್ನ ಹತ್ತಿರವಿದೆ. ಆಕಾಶದ ಎದುರು ಕ್ಯಾಮೆರಾ 1/3200 ಸೆಕೆಂಡಿನ ಶಟರ್ ಆರಿಸಿಕೊಂಡಿತು, ಗರುಡ ಕಪ್ಪಗಾಯಿತು. ಗುಡ್ಡದ ಎದುರು ಬಂದ ಕೂಡಲೇ ಅದೇ ಶಟರ್ 1/800ಕ್ಕೆ ಇಳಿಯಿತು. ರೆಕ್ಕೆಯ ತುದಿ ಅಲುಗಿತು, ತಲೆಯ ಬಿಳುಪು ಸುಣ್ಣ ಬಳಿದಂತಾಯಿತು. ಬೆಳಕು ಅಳೆಯುವ ಕ್ಯಾಮೆರಾದ ಮೀಟರು ಫ್ರೇಮಿನಲ್ಲಿ ಕಂಡದ್ದನ್ನೆಲ್ಲ ಸೇರಿಸಿ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮಿನ ತುಂಬ ಕಪ್ಪು ಗುಡ್ಡವಿದ್ದರೆ ಬೆಳಕು ಸಾಲದೆಂದು ತಿಳಿಯುತ್ತದೆ. ಕ್ಯಾಮೆರಾದ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡುವ ಕಾಂಪೆನ್ಸೇಶನ್ ತಿರುಗಿಸಿ ಸರಿಮಾಡಬಹುದು ನಿಜ, ಆದರೆ ಆ ಎರಡು ಸೆಕೆಂಡಿನಲ್ಲಿ ಹೆಬ್ಬೆರಳು ಎಲ್ಲಿಗೆ ಮುಟ್ಟೀತು?

ಪೂರ್ತಿ ಮ್ಯಾನುವಲ್‌ಗೆ ಬಂದ ಮೇಲೆ ಕೆಲಸದ ಕ್ರಮವೇ ಬದಲಾಯಿತು. ಬಿಸಿಲು ಬಿದ್ದ ದಡದಲ್ಲಿ ಸುಮ್ಮನೆ ನಿಂತ ಬೆಳ್ಳಕ್ಕಿಯೊಂದನ್ನು ಮೊದಲು ಹುಡುಕುತ್ತೇನೆ. ಎಫ್ 6.3, 1/2000 ಹಾಗೇ ಬಿಟ್ಟು ಐಎಸ್‌ಒ ಏರಿಸುತ್ತ ಹೋಗುತ್ತೇನೆ. ಪರದೆಯಲ್ಲಿ ಅದರ ಬೆನ್ನಿನ ಗರಿ ಮಿನುಗತೊಡಗಿದರೆ, ಅಂದರೆ ಬೆಳಕು ಹೆಚ್ಚಾಗಿ ಬಿಳುಪಿನ ವಿವರ ಅಳಿಯುತ್ತಿದೆ ಎಂಬ ಹೈಲೈಟ್ ಎಚ್ಚರಿಕೆ ಬಂದರೆ, ಎರಡು ಕ್ಲಿಕ್ ಹಿಂದೆ. ಜನವರಿಯ ಬೆಳಿಗ್ಗೆ ಎಂಟರ ಸುಮಾರಿಗೆ ಅದು ಸಾಮಾನ್ಯವಾಗಿ 500, 640ರ ಆಸುಪಾಸು ನಿಲ್ಲುತ್ತದೆ. ಬೆಳ್ಳಕ್ಕಿಯ ಬಿಳುಪು ಉಳಿದರೆ ಅದೇ ಬಿಸಿಲಿನಲ್ಲಿ ಗರುಡನ ತಲೆಯೂ ಉಳಿಯುತ್ತದೆ, ಹಿಂದೆ ಗುಡ್ಡವಿರಲಿ, ನೀರಿರಲಿ. ಕತ್ತಿನ ಬಿಳಿ ಗರಿಗಳ ನಡುವೆ ಹಾದುಹೋಗುವ ಸಣ್ಣ ಕಪ್ಪು ಎಳೆಗಳನ್ನು ನಾನು ಮೊದಲ ಸಲ ನನ್ನದೇ ಫೋಟೋದಲ್ಲಿ ಕಂಡದ್ದು ಹೀಗೆ. ಕೂದಲೆಳೆಯಂತೆ ಒಂದೊಂದೂ ಬಿಡಿಬಿಡಿಯಾಗಿತ್ತು. ಬೈತಖೋಲ ಬಂದರಿನಲ್ಲಿ ದೋಣಿಗಳ ಮೇಲೆ ಸುತ್ತುವ ಗರುಡಗಳಿಗೂ ಇದನ್ನೇ ಬಳಸುತ್ತೇನೆ. ಬಿಸಿಲು ಏರುತ್ತ ಹೋದಂತೆ ಹತ್ತು ನಿಮಿಷಕ್ಕೊಮ್ಮೆ ಇನ್ನೊಂದು ಬೆಳ್ಳಕ್ಕಿ ನೋಡಿ ಲೆಕ್ಕ ಸರಿಮಾಡಿಕೊಳ್ಳಬೇಕು. (ಮರಳು ಕಾದು ಗಾಳಿ ನಡುಗತೊಡಗಿದ ಮೇಲೆ ದೂರದ ಹಕ್ಕಿ ಯಾವ ಮೋಡ್‌ನಲ್ಲೂ ಶಾರ್ಪ್ ಬರುವುದಿಲ್ಲ. ಆಗ ಚೀಲ ಕಟ್ಟುವುದೇ ಸರಿ.)

ಇದೇ ನಂಬಿಕೆಯಿಂದ ಶಿರಸಿ ಹತ್ತಿರದ ಅಕ್ಕನ ಮನೆಗೆ ಹೋದೆ. ಅಡಿಕೆ ತೋಟದಲ್ಲಿ ಬೆಳಕು ಚೂರುಚೂರು. ಭಾವ ಹಳ್ಳದ ಕಡೆಯಿಂದ ಮೆಲ್ಲಗೆ "ರಾಜಹಕ್ಕಿ ಇಲ್ಲಿದ್ದು, ಬಾ" ಎಂದು ಕರೆದಾಗ ನನ್ನ ಮ್ಯಾನುವಲ್ ಲೆಕ್ಕ ಬಿಸಿಲಿನದು, ಹಕ್ಕಿ ಕೂತದ್ದು ನೆರಳಿನಲ್ಲಿ. ಉದ್ದ ಬಾಲದ ಬಿಳಿ ಗಂಡು, ನೀರಿಗೆ ಮುಳುಗು ಹಾಕಿ ಮತ್ತೆ ಅದೇ ಕೊಂಬೆಗೆ ಬರುತ್ತಿತ್ತು. ನಾನು ಐಎಸ್‌ಒ ಹುಡುಕುವಷ್ಟರಲ್ಲಿ ಹೋಯಿತು. ಮರುದಿನ ಅಲ್ಲೇ ಕೂತು 1/640, ಆಟೋ ಐಎಸ್‌ಒ, ಕಾಂಪೆನ್ಸೇಶನ್ ಮೈನಸ್ ಒಂದು ಇಟ್ಟುಕೊಂಡೆ. ಹಕ್ಕಿ ಬಿಸಿಲಿನ ತುಣುಕಿಗೆ ಬಂದರೆ ಐಎಸ್‌ಒ 1000, ಹಿಂದೆ ಸರಿದರೆ 6400. ಕೆಲವು ಫ್ರೇಮಿನಲ್ಲಿ ನಾಯ್ಸ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆ, ಇದೆ, ಆದರೆ ಕಣ್ಣಿನ ಸುತ್ತಲಿನ ನೀಲಿ ಉಂಗುರ ಸ್ಪಷ್ಟ. ಅಲುಗಿದ ಚಿತ್ರವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಿಕೊಟ್ಟಿಲ್ಲ. ನಾಯ್ಸ್‌ ಅನ್ನು ಸಾಕಷ್ಟು ತಗ್ಗಿಸಬಹುದು. ತೋಟಕ್ಕೆ, ಕಾಡಿಗೆ ನನ್ನ ಮತ ಇದಕ್ಕೇ. ಒಂದು ಮಾತು: ಹಳೆಯ ಕೆಲವು ಕ್ಯಾಮೆರಾಗಳಲ್ಲಿ ಮ್ಯಾನುವಲ್ ಜೊತೆ ಆಟೋ ಐಎಸ್‌ಒ ಇದ್ದಾಗ ಕಾಂಪೆನ್ಸೇಶನ್ ಕೆಲಸ ಮಾಡುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ತಿರುಗಿಸಿ ನೋಡಿ.

ಪೂರ್ತಿ ಮ್ಯಾನುವಲ್, ಆಟೋ ಐಎಸ್‌ಒ ಎರಡೂ ಸಮಸಮ ಎನಿಸಿದ್ದು ಶಿರಸಿ ಹತ್ತಿರದ ಸೋಂದಾದ ಮುಂಡಿಗೆ ಕೆರೆಯಲ್ಲಿ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಕಡುಹಸಿರಿನ ಮೇಲೆ ಬಿಳಿ ಹಕ್ಕಿ, ಹಾರಿದರೆ ಹಿಂದೆ ಬೂದು ಆಕಾಶ, ಮೇಲೆ ಗಳಿಗೆಗೊಂದು ಮೋಡ. ಇಲ್ಲಿ ಹಿನ್ನೆಲೆಯೂ ಬದಲಾಗುತ್ತದೆ, ಬೆಳಕೂ ಬದಲಾಗುತ್ತದೆ. ಆಟೋ ಐಎಸ್‌ಒ ಹಿನ್ನೆಲೆಗೆ ಮೋಸಹೋಯಿತು, ಮ್ಯಾನುವಲ್ ಮೋಡಕ್ಕೆ ಸೋತಿತು. ಕೊನೆಗೆ ಮ್ಯಾನುವಲ್‌ನಲ್ಲೇ ಉಳಿದು, ಐಎಸ್‌ಒವನ್ನು ಹೆಬ್ಬೆರಳಿನ ಚಕ್ರಕ್ಕೆ ಕೊಟ್ಟು, ಮೋಡ ಕವಿದಾಗ ಮೂರು ಕ್ಲಿಕ್ ಮುಂದೆ, ತೆರವಾದಾಗ ಮೂರು ಕ್ಲಿಕ್ ಹಿಂದೆ ಎಂದು ರೂಢಿಮಾಡಿಕೊಂಡೆ. ಈಗ ಕಣ್ಣು ವ್ಯೂಫೈಂಡರಿನಲ್ಲಿದ್ದರೂ ಕೆರೆಯ ನೀರು ಮಬ್ಬಾದದ್ದು ಗೊತ್ತಾಗುತ್ತದೆ, ಬೆರಳು ತಾನಾಗಿ ತಿರುಗುತ್ತದೆ.