ಪುಸ್ತಕಕ್ಕೆ ಕಾಲು ತಾಗಿತೇನೋ: ಮಗಳ ಓಸಿಡಿಗೆ ನಾವು ಮಾಡಿ ನೋಡಿದ ದಾರಿಗಳು

ರಾತ್ರಿ ಒಂಬತ್ತೂವರೆಗೆ ಶುರುವಾದರೆ ಹನ್ನೊಂದಾದರೂ ಮುಗಿಯುತ್ತಿರಲಿಲ್ಲ. ಬ್ಯಾಗ್ ಜೋಡಿಸುವಾಗ ಪುಸ್ತಕಕ್ಕೆ ಕಾಲು ತಾಗಿತಂತೆ. ತಾಗಿದ್ದನ್ನು ನಾವ್ಯಾರೂ ನೋಡಿಲ್ಲ. ಕಾಲು ತಾಗಿದರೆ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಳ್ಳೋದು ನಮ್ಮಲ್ಲಿ ಎಲ್ಲ ಮಕ್ಕಳೂ ಮಾಡುವುದೇ. ಇವಳಿಗೆ ಮಾತ್ರ ಒಂದು ಸಲ ಸಾಲದು, ಮೂರು ಸಲ ಆಗಬೇಕು. ನಡುವೆ ಫೋನ್ ರಿಂಗಾದರೂ ಮತ್ತೆ ಒಂದರಿಂದ. ಬರಬರುತ್ತಾ ಏಳು ಸಲ ಆಯಿತು, ಇಪ್ಪತ್ತೊಂದು ಸಲ ಆಯಿತು. ನಡುನಡುವೆ ನನ್ನ ಕಡೆ ತಿರುಗಿ ಕೇಳುತ್ತಿದ್ದಳು, "ಅಮ್ಮಾ, ಸರಸ್ವತಿಗೆ ಸಿಟ್ಟು ಬಂದಿಲ್ಲ ಅಲ್ವಾ? ನಿಂಗೇನೂ ಆಗಲ್ಲ ಅಲ್ವಾ?"

ಆಗ ಅವಳಿಗೆ ಆರೂ ಮುಕ್ಕಾಲು ವರ್ಷ. ಒಂದನೇ ಕ್ಲಾಸು. ಪುಸ್ತಕದ ಜೊತೆಗೆ ಎಂಜಲಿನ ಕಾಟವೂ ಇತ್ತು. ಯಾರೋ ಕಚ್ಚಿ ಕುಡಿದ ಲೋಟ ತನ್ನ ಲೋಟದ ಪಕ್ಕ ಇತ್ತು ಅಂತ ಮೊಣಕೈವರೆಗೂ ಸೋಪು ಹಚ್ಚಿಕೊಂಡು ತೊಳೆಯುತ್ತಿದ್ದಳು. ಬೆರಳ ಸಂದಿಯೆಲ್ಲ ಒಡೆದು ಕೆಂಪಾಗಿತ್ತು. ಮೊದಲು ನೋಡಿದ ಡಾಕ್ಟರು ಕೈಗೆ ಮುಲಾಮು ಬರೆದುಕೊಟ್ಟು, ದೊಡ್ಡವಳಾದ ಹಾಗೆ ಸರಿಹೋಗುತ್ತೆ ಅಂದರು. ಇದಕ್ಕೆ ಓಸಿಡಿ ಅನ್ನುತ್ತಾರೆ, ಕನ್ನಡದಲ್ಲಿ ಗೀಳು ರೋಗ ಅಂತ ಹೇಳುತ್ತಾರೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಆ ಎಂಟು ತಿಂಗಳಲ್ಲಿ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಔಷಧಿ. ಆಮೇಲೆ ನಿಜವಾದ ಚಿಕಿತ್ಸೆಗಳು. ಎಲ್ಲದಕ್ಕೂ ನನ್ನ ಹತ್ತಿರ ಲೆಕ್ಕ ಇದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನಕ್ಕೆ ಎಷ್ಟು ನಿಮಿಷ ಈ ಗೀಳಿಗೆ ಹೋಯಿತು ಅಂತ ಮೂಲೆಯಲ್ಲಿ ಬರೆದಿಡುತ್ತಿದ್ದೆ.

ಮೊದಲು ನನ್ನ ದಾರಿ. ಸಮಾಧಾನ ಮಾಡೋದು. "ಏನೂ ಆಗಲ್ಲ ಪುಟ್ಟಿ, ಸರಸ್ವತಿಗೆ ಮಕ್ಕಳ ಮೇಲೆ ಸಿಟ್ಟು ಬರಲ್ಲ." ಹೇಳಿದ ಹತ್ತು ಸೆಕೆಂಡಿಗೆ ಮುಖ ಸಡಿಲವಾಗುತ್ತಿತ್ತು. ಇಷ್ಟು ಬೇಗ ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ, ಮಾತ್ರೆ ಕೂಡ. ಅದಕ್ಕೇ ಅಮ್ಮಂದಿರೆಲ್ಲ ಇದರಲ್ಲಿ ಸಿಕ್ಕಿಬೀಳೋದು. ಜೂನ್‌ನಲ್ಲಿ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದವಳು ದೀಪಾವಳಿ ಹೊತ್ತಿಗೆ ನಲವತ್ತು ಸಲ ಕೇಳುತ್ತಿದ್ದಳು. ಉತ್ತರದ ದನಿಯೂ ಸರಿಯಿರಬೇಕು. ನಾನು ಒಲೆ ಕಡೆ ಮುಖ ಮಾಡಿ ಹೇಳಿದರೆ ಅದು ಲೆಕ್ಕಕ್ಕಿಲ್ಲ, ಕಣ್ಣು ನೋಡಿ ಹೇಳಬೇಕು.

ಇವರದ್ದು ಇನ್ನೊಂದು ದಾರಿ. "ಸಾಕು, ನಿಲ್ಸು. ಇನ್ನೊಂದ್ಸಲ ಮಾಡಿದ್ರೆ ನೋಡು." ಕೈ ಹಿಡಿದು ಮಲಗಿಸಿಬಿಡುತ್ತಿದ್ದರು. ನನ್ನ ಕ್ಯಾಲೆಂಡರಿನಲ್ಲಿ ನೂರು ನಿಮಿಷ ಇದ್ದದ್ದು ಒಂದೇ ವಾರದಲ್ಲಿ ಮೂವತ್ತಕ್ಕೆ ಇಳಿಯಿತು. ಇವರು ಗೆದ್ದೆ ಅಂದುಕೊಂಡರು. ನಾನೂ ನಂಬಿದೆ. ಒಂದು ರಾತ್ರಿ ಹೊದಿಕೆ ಸರಿಮಾಡಲು ಹೋದರೆ ಕತ್ತಲಲ್ಲಿ ಅವಳ ತುಟಿ ಅಲ್ಲಾಡುತ್ತಿತ್ತು. ಪುಸ್ತಕ ಇಲ್ಲದೆ, ಮನಸ್ಸಿನಲ್ಲೇ ಇಪ್ಪತ್ತೊಂದು ಎಣಿಸುತ್ತಿದ್ದಳು. ಗೀಳು ಕಡಿಮೆಯಾಗಿರಲಿಲ್ಲ, ನಮಗೆ ಕಾಣದ ಜಾಗಕ್ಕೆ ಹೋಗಿತ್ತು. ಸಮಾಧಾನ ಮತ್ತು ಗದರಿಕೆ ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಕೇಳಿದರೆ ನಾನು ಗದರಿಕೆ ಅಂತಲೇ ಹೇಳುತ್ತೇನೆ. ಸಮಾಧಾನ ಗೀಳನ್ನು ಬೆಳೆಸುತ್ತದೆ, ಆದರೆ ಮಗು ನಮ್ಮ ಹತ್ತಿರ ಬರುತ್ತಿರುತ್ತದೆ. ಗದರಿದರೆ ಗೀಳೂ ಉಳಿಯುತ್ತದೆ, ಮಗು ಬಾಯಿಯೂ ಬಿಡುವುದಿಲ್ಲ.

ಅತ್ತೆ ದೃಷ್ಟಿ ತೆಗೆದರು, ದೇವಸ್ಥಾನದಿಂದ ದಾರ ತಂದು ಕಟ್ಟಿದರು. ಆ ರಾತ್ರಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದೆವು. ಮಾರನೇ ದಿನ ಸ್ನಾನದಲ್ಲಿ ದಾರ ಒದ್ದೆಯಾಯಿತು. ಒದ್ದೆಯಾದರೆ ಶಕ್ತಿ ಹೋಗುತ್ತಾ ಅಂತ ಹೊಸ ಪ್ರಶ್ನೆ ಶುರುವಾಯಿತು.

ಆ ಸಿಟ್ಟಿನಲ್ಲಿ ನಾನು ಅತ್ತೆಗೆ, "ನಿಮ್ಮ ಮಡಿ ನೋಡಿ ನೋಡಿಯೇ ಹೀಗಾಗಿದ್ದು" ಅಂದುಬಿಟ್ಟೆ. ಅದು ತಪ್ಪು ಮಾತು. ಅತ್ತೆ ಮಡಿಯಲ್ಲಿ ಅಡುಗೆ ಮಾಡಿ, ನೈವೇದ್ಯ ಮಾಡಿ, ಸೀರೆ ಬದಲಿಸಿ, ಗಡದ್ದಾಗಿ ಊಟ ಮಾಡಿ ಸೀರಿಯಲ್ ಮುಂದೆ ಕೂರುತ್ತಾರೆ. ಅವರ ಮಡಿಗೆ ಮುಗಿಯುವ ಹೊತ್ತು ಅಂತ ಒಂದಿದೆ. ಮಗಳಿಗೆ ಅದು ಮುಗಿಯುವುದೇ ಇಲ್ಲ. ಗೀಳು ಮನೆಯಲ್ಲಿ ಸಿಕ್ಕ ಬಟ್ಟೆ ಹಾಕಿಕೊಂಡು ಬರುತ್ತೆ ಅಂತ ಆಮೇಲೆ ಸೈಕಾಲಜಿಸ್ಟ್ ಮೇಡಂ ಹೇಳಿದರು. ನಮ್ಮ ಮನೆಯಲ್ಲಿ ಎಂಜಲು ಮತ್ತು ಸರಸ್ವತಿ ಸಿಕ್ಕಿತು. ಬೇರೆ ಮನೆಯಲ್ಲಾಗಿದ್ದರೆ ರೋಗಾಣು, ಬೀಗ, ಸ್ವಿಚ್ಚು ಸಿಗುತ್ತಿತ್ತು.

ಉಸಿರಾಟದ ಅಭ್ಯಾಸವನ್ನು ನಾನೇ ಮೊಬೈಲಿನಲ್ಲಿ ನೋಡಿ ಕಲಿಸಿದೆ. ಹೊಟ್ಟೆಯನ್ನು ಬಲೂನಿನ ಹಾಗೆ ಉಬ್ಬಿಸೋದು. ಅವಳಿಗೆ ತುಂಬಾ ಇಷ್ಟವಾಯಿತು. ಎರಡು ವಾರ ಕಳೆದ ಮೇಲೆ ಗೊತ್ತಾಯಿತು, ಏಳು ಸಲವೇ ಬಲೂನ್ ಮಾಡಬೇಕು, ಆರಾದರೆ ಮತ್ತೆ ಮೊದಲಿಂದ! ನಗು ಬಂತು. ಬಚ್ಚಲಿಗೆ ಹೋಗಿ ಅತ್ತೂ ಬಿಟ್ಟೆ. ಸ್ಟಿಕ್ಕರ್ ಚಾರ್ಟಿನ ಕಥೆ ಹೇಳುವುದಿಲ್ಲ, ನಾಲ್ಕು ದಿನದ ಮೇಲೆ ಅದರ ಮೇಲೆ ದೋಸೆ ಹಿಟ್ಟು ಬಿತ್ತು.

ಕೊನೆಗೆ ಶುರುವಾಗಿದ್ದು ಇಆರ್‌ಪಿ. ಪೂರ್ತಿ ಹೆಸರು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಭಯ ಹುಟ್ಟಿಸುವುದರ ಹತ್ತಿರ ಬೇಕಂತಲೇ ಹೋಗೋದು, ಆಮೇಲೆ ಗೀಳು ಹೇಳಿದ ಕೆಲಸ ಮಾಡದೆ ಇರೋದು. ಭಯ ಏರುತ್ತದೆ, ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವುದನ್ನು ಮಗು ಸ್ವತಃ ನೋಡಬೇಕು. ಇಷ್ಟು ಚಿಕ್ಕ ಮಗುವಿಗೆ ಇದು ಕ್ರೂರ ಅಲ್ವಾ, ಉಸಿರಾಟವೇ ಮೃದು ಅಲ್ವಾ ಅಂತ ನಾನು ಮೇಡಂ ಹತ್ತಿರ ಜಗಳ ಆಡಿದೆ. ಅವರು ತೋರಿಸಿದ್ದು ಅಮೆರಿಕದ ಒಂದು ಅಧ್ಯಯನ, 2014ರಲ್ಲಿ ಪ್ರಕಟವಾದದ್ದು. 5ರಿಂದ 8 ವರ್ಷದ 127 ಮಕ್ಕಳು, 14 ವಾರ. ಅರ್ಧ ಮಕ್ಕಳಿಗೆ ಇಆರ್‌ಪಿ ಇರುವ ಚಿಕಿತ್ಸೆ, ಇನ್ನರ್ಧಕ್ಕೆ ಮೈ ಮನಸ್ಸು ಸಡಿಲ ಮಾಡುವ ಅಭ್ಯಾಸ. ಎರಡರಲ್ಲೂ ಅಪ್ಪ ಅಮ್ಮ ಜೊತೆಗಿದ್ದರು. ಮೊದಲನೆಯದರಲ್ಲಿ ಚೆನ್ನಾಗಿ ಸುಧಾರಿಸಿದವರು ನೂರಕ್ಕೆ 72, ಎರಡನೆಯದರಲ್ಲಿ 41. ಉಸಿರಾಟ ಸುಳ್ಳಲ್ಲ, 41 ಕಡಿಮೆಯೇನೂ ಅಲ್ಲ. ಆದರೂ ನಾನು ಜಗಳ ನಿಲ್ಲಿಸಿದೆ.

ಮೊದಲ ಕೆಲಸ ಗೀಳಿಗೆ ಒಂದು ಹೆಸರಿಡೋದು. ಮಗಳೇ ಇಟ್ಟಳು, "ಉಂಬಳ". ನನ್ನ ತವರು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಕಾಲಿಗೆ ಹತ್ತುತ್ತಲ್ಲ, ಅದೇ ಜಿಗಣೆ. "ಅದು ಹತ್ತಿದ್ದೇ ಗೊತ್ತಾಗಲ್ಲ, ಬಿಡೋದೂ ಇಲ್ಲ" ಅಂದಳು. ಹೆಸರು ಬಂದ ಮೇಲೆ ಜಗಳ ಅವಳಿಗೂ ನಮಗೂ ನಡುವೆ ಇರಲಿಲ್ಲ. ನಾವೆಲ್ಲ ಒಂದು ಕಡೆ, ಉಂಬಳ ಇನ್ನೊಂದು ಕಡೆ.

ಆಮೇಲೆ ಮೆಟ್ಟಿಲು, ಅಂದರೆ ಕಡಿಮೆ ಭಯದ್ದರಿಂದ ಹೆಚ್ಚು ಭಯದ್ದರವರೆಗೆ ಒಂದೊಂದಾಗಿ ಮಾಡುವ ಕೆಲಸಗಳ ಪಟ್ಟಿ. ಎಂಜಲಿನ ಮೆಟ್ಟಿಲು ಸುಲಭವಾಗಿ ಬರೆದೆವು. ನಾನು ಕಚ್ಚಿ ಕುಡಿದ ಲೋಟವನ್ನು ಒಂದು ಬೆರಳಲ್ಲಿ ಮುಟ್ಟೋದು. ಅದನ್ನು ಹಿಡಿದುಕೊಂಡು ಐದು ನಿಮಿಷ ಕೂರೋದು. ಕೈ ತೊಳೆಯದೆ ಕೋಡುಬಳೆ ತಿನ್ನೋದು. ಕೊನೆಗೆ ಅದೇ ಲೋಟದಲ್ಲಿ ಕಚ್ಚಿ ಕುಡಿಯೋದು. ಭಯಕ್ಕೆ ಸೊನ್ನೆಯಿಂದ ಹತ್ತು ಅಂಕ, ಅವಳೇ ಹಾಕಬೇಕು. ಮೊದಲ ದಿನ ಬರೀ ಮುಟ್ಟಿದ್ದಕ್ಕೆ ಒಂಬತ್ತು. ಎಪ್ಪತ್ತು ನಿಮಿಷ ಅತ್ತಳು. ನಾನು ಪಕ್ಕದಲ್ಲೇ ಕೂತಿದ್ದೆ, ಸಮಾಧಾನವನ್ನೂ ಹೇಳಲಿಲ್ಲ, ಗದರಲೂ ಇಲ್ಲ. ಆ ರಾತ್ರಿಯ ಲೆಕ್ಕದಲ್ಲಿ ಇಆರ್‌ಪಿ ಎಲ್ಲಕ್ಕಿಂತ ಕೆಟ್ಟದ್ದು. ಕ್ಯಾಲೆಂಡರಿನಲ್ಲೂ ಹಾಗೇ ಇದೆ. ನಾಲ್ಕನೇ ದಿನ ಅದೇ ಲೋಟಕ್ಕೆ ಮೂರು ಅಂಕ ಹಾಕಿ, "ಬೋರಾಗ್ತಿದೆ" ಅಂದಳು. ಆ ಮಾತು ಕೇಳಿ ನನಗಾದ ಖುಷಿಯನ್ನು ಬೇರೆ ಯಾವ ಅಮ್ಮನಿಗೂ ವಿವರಿಸೋಕೆ ಆಗಲ್ಲ.

ಪುಸ್ತಕದ ವಿಷಯ ಅಷ್ಟು ಸಲೀಸಾಗಲಿಲ್ಲ. ಮೆಟ್ಟಿಲಿನ ತುದಿಯಲ್ಲಿ ಬೇಕಂತಲೇ ಪುಸ್ತಕದ ಮೇಲೆ ಕಾಲಿಡೋದು ಅಂತ ಮೇಡಂ ಬರೆದರು. ಅತ್ತೆ ಎದ್ದು ಒಳಗೆ ಹೋದರು. ನಿಜ ಹೇಳಬೇಕೆಂದರೆ ನನಗೂ ಕೈಕಾಲು ಆಡಲಿಲ್ಲ. ನಮ್ಮಿಂದ ಆಗದ್ದನ್ನು ಮಗು ಕೈಲಿ ಹೇಗೆ ಮಾಡಿಸೋದು? ಒಂದು ವಾರ ಅಲ್ಲೇ ನಿಂತೆವು. ದಾರಿ ತೋರಿಸಿದ್ದು ಅತ್ತೆಯೇ. "ನನ್ನ ಕಾಲು ತಾಗಿದ್ರೆ ನಾನು ಎಷ್ಟು ಸಲ ಒತ್ಕೋತೀನಿ? ಒಂದೇ ಸಲ. ಇವಳೂ ಒಂದೇ ಸಲ ಮಾಡ್ಲಿ." ಮೇಡಂ ಒಪ್ಪಿದರು, ಒಂದು ಷರತ್ತು ಹಾಕಿದರು. ತಾಗಿದ್ದನ್ನು ಕಣ್ಣಾರೆ ಕಂಡರೆ ಮಾತ್ರ ಒಂದು ಸಲ. ತಾಗಿತೇನೋ ಅಂತ ಅನುಮಾನ ಬಂದರೆ ಸೊನ್ನೆ. ಆಮೇಲೆ ಅಭ್ಯಾಸ ಶುರು. ಚಾಪೆಯ ಮೇಲೆ ಪುಸ್ತಕ ಹರಡಿಟ್ಟು, ಮೇಲೆ ನೋಡುತ್ತಾ ಅದರ ಸಂದಿಯಲ್ಲಿ ನಡೆಯೋದು. ತಾಗಿತಾ? ಗೊತ್ತಿಲ್ಲ. ತಾಗಿರಬಹುದು, ತಾಗದೇನೂ ಇರಬಹುದು. ಗೊತ್ತಿಲ್ಲದೆ ಇರೋದನ್ನು ತಡೆದುಕೊಳ್ಳೋದೇ ಇಡೀ ಪಾಠ ಅಂತ ನನಗೆ ಅರ್ಥವಾಗಿದ್ದು ಆ ಚಾಪೆಯ ಮೇಲೆ.

ಇದೆಲ್ಲ ಮಗುವಿನ ಕೆಲಸ. ನಮ್ಮ ಪಾಲಿನ ಕೆಲಸ, ಉತ್ತರ ಕೊಡೋದನ್ನು ನಿಲ್ಲಿಸೋದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಅನ್ನುವವರು ಸ್ಪೇಸ್ ಅಂತ ಒಂದು ವಿಧಾನ ಮಾಡಿದ್ದಾರೆ. ಅದರಲ್ಲಿ ಚಿಕಿತ್ಸೆಗೆ ಬಂದು ಕೂರುವುದು ಅಪ್ಪ ಅಮ್ಮ ಮಾತ್ರ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆತಂಕದ ತೊಂದರೆ ಇರುವ ಮಕ್ಕಳಿಗೆ ಇದು ಮಗುವಿಗೇ ಕೊಡುವ ಥೆರಪಿಗಿಂತ ಕಡಿಮೆಯಾಗಲಿಲ್ಲ. ಅದು ಓಸಿಡಿಯ ಮೇಲೆ ಮಾಡಿದ ಅಧ್ಯಯನ ಅಲ್ಲ, ಅದಕ್ಕೇ ನಾನು ಇದನ್ನೇ ನಂಬಿ ಕೂರಲಿಲ್ಲ. ಆದರೆ ಅದರ ಒಂದು ಮಾತಿನ ಧಾಟಿ ತೆಗೆದುಕೊಂಡೆವು. "ನಿಂಗೆ ಭಯ ಆಗ್ತಿದೆ ಅಂತ ಗೊತ್ತು. ನೀನು ತಡ್ಕೋತೀಯ ಅಂತಾನೂ ಗೊತ್ತು." ಅಷ್ಟೇ. ಏನೂ ಆಗಲ್ಲ ಅಂತ ಹೇಳುವ ಹಾಗಿಲ್ಲ.

ಇದನ್ನು ಎರಡು ರೀತಿ ಮಾಡಿ ನೋಡಿದೆವು. ಮೊದಲು, ಒಂದು ಸೋಮವಾರದಿಂದ ಉತ್ತರವೇ ಬಂದ್. ಮೂರು ದಿನ ಮನೆ ರಣರಂಗ. ಅಪ್ಪನನ್ನು ಕೇಳಿದಳು, ಅಜ್ಜಿಯನ್ನು ಕೇಳಿದಳು, ಕೊನೆಗೆ ಹೂವಿನವರನ್ನೂ ಬಿಡಲಿಲ್ಲ. ಬುಧವಾರ ರಾತ್ರಿ ನಾನೇ ಸೋತು ಒಟ್ಟಿಗೆ ಹತ್ತು ಉತ್ತರ ಕೊಟ್ಟೆ. ಹಾಗೆ ನಿಲ್ಲಿಸಿ ಮತ್ತೆ ಉತ್ತರ ಕೊಡೋದು, ದಿನಾ ಕೊಡುತ್ತಲೇ ಇರುವುದಕ್ಕಿಂತ ಕೆಟ್ಟದ್ದು. ಜಾಸ್ತಿ ಅತ್ತರೆ ಸಿಗುತ್ತೆ ಅಂತ ಅವಳು ಕಲಿತಳು.

ಎರಡನೇ ರೀತಿ ಹುಣಸೆಬೀಜ. ಬೆಳಗ್ಗೆ ಒಂದು ಬಟ್ಟಲಿನಲ್ಲಿ ಹತ್ತು ಬೀಜ. ಒಂದು ಬೀಜ ಕೊಟ್ಟರೆ ಒಂದು ಉತ್ತರ. ಮುಗಿದರೆ ನಾಳೆಗೆ. ಎರಡು ವಾರಕ್ಕೊಮ್ಮೆ ಒಂದೊಂದು ಕಡಿಮೆ. ಆಶ್ಚರ್ಯ ಅಂದರೆ ಅವಳು ಉಳಿಸತೊಡಗಿದಳು. ರಾತ್ರಿ ಬೇಕಾಗಬಹುದು ಅಂತ ಹಗಲಿನ ಪ್ರಶ್ನೆ ನುಂಗಿಕೊಳ್ಳುತ್ತಿದ್ದಳು, ರಾತ್ರಿ ಬಟ್ಟಲಿನಲ್ಲಿ ಬೀಜ ಇದ್ದ ಹಾಗೆಯೇ ನಿದ್ದೆ ಬಂದುಬಿಡುತ್ತಿತ್ತು. ಒಮ್ಮೆಲೇ ನಿಲ್ಲಿಸೋದಕ್ಕೂ ಬೀಜಕ್ಕೂ ಹೋಲಿಕೆಯೇ ಇಲ್ಲ. ಒಂದೇ ತೊಂದರೆ ನೆಂಟರು. ನಾದಿನಿ ಬಂದ ನಾಲ್ಕು ದಿನ ಬೀಜ ಇಲ್ಲದೆಯೇ ಉತ್ತರ ಧಾರಾಳವಾಗಿ ಸಿಕ್ಕಿತು. ಕ್ಯಾಲೆಂಡರ್ ಮತ್ತೆ ಮೇಲೇರಿತು.

ಇಷ್ಟಾದರೂ ನಾಲ್ಕು ತಿಂಗಳ ಮೇಲೆ ದಿನಕ್ಕೆ ಐವತ್ತು ನಿಮಿಷದಲ್ಲಿ ಗಾಡಿ ನಿಂತುಬಿಟ್ಟಿತು. ಇಳಿಯಲೊಲ್ಲದು. ಶಿವಮೊಗ್ಗದಿಂದ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಮಾತ್ರೆ ಬೇಡ ಅಂತ ಹೊರಡುವಾಗಲೇ ತೀರ್ಮಾನಿಸಿದ್ದೆ. ಡಾಕ್ಟರು ಒತ್ತಾಯ ಮಾಡಲಿಲ್ಲ. ಹಳೆಯ ಒಂದು ಅಧ್ಯಯನದ ಅಂಕಿ ಹೇಳಿದರು. 2004ರದ್ದು, 7ರಿಂದ 17 ವರ್ಷದ 112 ಮಕ್ಕಳು, 12 ವಾರ. ರೋಗ ಇಲ್ಲವೆನ್ನುವಷ್ಟು ಇಳಿದವರು ಥೆರಪಿ ಮತ್ತು ಸರ್ಟ್ರಾಲಿನ್ ಅನ್ನುವ ಮಾತ್ರೆ ಎರಡೂ ಸೇರಿದಾಗ ನೂರಕ್ಕೆ 54, ಥೆರಪಿ ಒಂದೇ ಆದರೆ 39, ಮಾತ್ರೆ ಒಂದೇ ಆದರೆ 21, ಬರೀ ಸಕ್ಕರೆ ಮಾತ್ರೆಯಂಥದ್ದರಲ್ಲಿ 4. ಅಂದರೆ ಥೆರಪಿ ಬಿಟ್ಟು ಬರೀ ಮಾತ್ರೆ ಅನ್ನೋದು ಒಳ್ಳೆಯ ವ್ಯಾಪಾರ ಅಲ್ಲ. ಥೆರಪಿ ನಿಂತ ಕಡೆ ಮಾತ್ರೆ ಸೇರಿಸೋದು ಬೇರೆ ವಿಷಯ. ಅಮೆರಿಕದಲ್ಲಿ ಸರ್ಟ್ರಾಲಿನ್‌ಗೆ ಓಸಿಡಿ ಇರುವ 6 ವರ್ಷದ ಮಕ್ಕಳಿಂದಲೇ ಅನುಮತಿ ಇದೆ.

ತೀರ ಸಣ್ಣ ಪ್ರಮಾಣದಿಂದ ಶುರುಮಾಡಿದೆವು. ಮೊದಲ ಹತ್ತು ದಿನ ಹೊಟ್ಟೆನೋವು, ಒಂದೆಡೆ ಕೂರಲಾಗದ ಚಡಪಡಿಕೆ. ಮೊದಲ ವಾರಗಳಲ್ಲಿ ನಡವಳಿಕೆ ಬದಲಾದರೆ, ಮಂಕಾದರೆ ಅಥವಾ ಸಾಯುವ ಮಾತಾಡಿದರೆ ತಕ್ಷಣ ಹೇಳಿ ಅಂದಿದ್ದರು. ನಾನು ಗಿಡುಗನ ಹಾಗೆ ಕಾದೆ. ಚಡಪಡಿಕೆ ತಾನಾಗಿ ನಿಂತಿತು. ಮಾತ್ರೆ ಗೀಳನ್ನು ಅಳಿಸಿಹಾಕಲಿಲ್ಲ. ಮೆಟ್ಟಿಲುಗಳ ಎತ್ತರ ಕಡಿಮೆ ಮಾಡಿತು. ಎಂಟಿದ್ದ ಭಯ ಐದಕ್ಕೆ ಬಂದರೆ ಮಗು ಕಾಲು ಎತ್ತಿಡುತ್ತೆ. ಮೂರು ತಿಂಗಳಲ್ಲಿ ಐವತ್ತು ನಿಮಿಷ ಹದಿನೈದಾಯಿತು. ಅತ್ತೆಗೆ ಮೊದಲು ವಿಟಮಿನ್ ಮಾತ್ರೆ ಅಂತ ಸುಳ್ಳು ಹೇಳಿದ್ದೆ. ಮಗಳೇ ಗುಟ್ಟು ಬಿಟ್ಟಳು, "ಅಜ್ಜಿ, ಇದು ಉಂಬಳಕ್ಕೆ ಉಪ್ಪು" ಅಂತ. ಅತ್ತೆ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಮಾತ್ರೆ ಜೊತೆ ನೀರಿನ ಲೋಟ ಅವರೇ ತರುತ್ತಾರೆ.

ಹತ್ತಿರದಲ್ಲಿ ಯಾರೂ ಇಲ್ಲದವರಿಗೆ ಒಂದು ನಂಬರ್ ಹೇಳಿಬಿಡುತ್ತೇನೆ. ಟೆಲಿ ಮಾನಸ್, 14416. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ನಾವು ಕಳೆದುಕೊಂಡ ಎಂಟು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ಮಗಳು ಮೂರನೇ ಕ್ಲಾಸು. ದಿನಕ್ಕೆ ಐದೋ ಹತ್ತೋ ನಿಮಿಷ. ಹೋದ ತಿಂಗಳು ಪರೀಕ್ಷೆ ಬಂತು, ಇಪ್ಪತ್ತೈದಕ್ಕೆ ಏರಿತು. ಡಬ್ಬಿಯಲ್ಲಿದ್ದ ಹುಣಸೆಬೀಜ ಮತ್ತೆ ಹೊರಬಂತು, ದಿನಕ್ಕೆ ಮೂರರಂತೆ. ಈ ಭಾನುವಾರ ಒಂದೇ ಬೀಜ ಖರ್ಚಾಗಿದೆ. ಉಳಿದೆರಡಕ್ಕೆ ಬದಲಾಗಿ ಐಸ್‌ಕ್ರೀಮ್ ಕೊಡಿಸು ಅಂತ ಬೆಳಗ್ಗೆಯಿಂದ ಚೌಕಾಸಿ ನಡೀತಿದೆ.