ಮೇಸ್ತ್ರಿಯ ಮುಂಗಡಕ್ಕಿಂತ ಮೊದಲು ಬರಬೇಕಾದ ಕೂಲಿ: ರಾಯಚೂರಿನಲ್ಲಿ ಉದ್ಯೋಗ ಖಾತ್ರಿ ಸೇವೆಯ ವಿಮರ್ಶೆ

ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿಯುತ್ತಿದ್ದಂತೆ ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಗಂಡ ಹೆಂಡತಿ ಬೆಂಗಳೂರು, ಹೈದರಾಬಾದ್ ಅಥವಾ ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಊರಿನಲ್ಲಿ ಮುದುಕರು ಉಳಿಯುತ್ತಾರೆ, ಶಾಲೆಗೆ ಹೋಗುವ ಮಕ್ಕಳು ಎಲ್ಲ ವರ್ಷವೂ ಉಳಿಯುವುದಿಲ್ಲ. ಈ ಗುಳೆಯನ್ನು ಊರಿನಲ್ಲೇ ತಡೆಯಬಲ್ಲ ಸರ್ಕಾರಿ ಸೇವೆ ಎಂದರೆ ಉದ್ಯೋಗ ಖಾತ್ರಿ (ನರೇಗಾ). 2025ರ ಬೇಸಿಗೆಯಲ್ಲಿ ನಮ್ಮ ಕಡೆಯ ಕೂಲಿಕಾರರ ಜೊತೆ, ಅರ್ಜಿ ಬರೆಯುವುದರಿಂದ ಹಿಡಿದು ಖಾತೆಗೆ ಹಣ ಜಮೆಯಾಗುವವರೆಗೆ ಓಡಾಡಿ ಕಂಡದ್ದರ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಈ ಯೋಜನೆ ಆರಂಭವಾದಾಗ ರಾಯಚೂರು ಮೊದಲ ಪಟ್ಟಿಯಲ್ಲೇ ಇತ್ತು. ಬಳ್ಳಾರಿಗೆ 2007ರಲ್ಲಿ, ಕೊಪ್ಪಳಕ್ಕೆ 2008ರಲ್ಲಿ ಅದು ಬಂತು.

ಸೇವೆಯ ಅತ್ಯುತ್ತಮ ಗುಣವನ್ನು ಮೊದಲು ಹೇಳಬೇಕು. ಹೆಣ್ಣಿಗೂ ಗಂಡಿಗೂ ಕೂಲಿಯ ದರ ಒಂದೇ. 2024-25ರಲ್ಲಿ ದಿನಕ್ಕೆ 349 ರೂಪಾಯಿ ಇದ್ದದ್ದು 2025ರ ಏಪ್ರಿಲ್‌ನಿಂದ 370 ರೂಪಾಯಿ ಆಯಿತು. ಹೊಲದ ಕೆಲಸದಲ್ಲಿ ಹೆಣ್ಣಾಳು ಗಂಡಾಳು ಎಂದು ಬೇರೆ ಬೇರೆ ಕೂಲಿ ಕಟ್ಟುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಕೆಲಸದ ಜಾಗ ಊರಿನಿಂದ 5 ಕಿಲೋಮೀಟರ್ ಮೀರಿದರೆ ಶೇ 10ರಷ್ಟು ಹೆಚ್ಚುವರಿ ಕೂಲಿ ಸಲ್ಲಬೇಕು.

ಕೆರೆ ಹೂಳೆತ್ತುವ ಕೆಲಸವೊಂದನ್ನು ಹತ್ತಿರದಿಂದ ನೋಡಿದೆ. ಬಿಸಿಲೇರುವ ಮೊದಲೇ ಗುಂಡಿಯ ಅಳತೆಗೆ ಗೂಟ ಹೊಡೆದು, ಗಂಡಸರು ಗುದ್ದಲಿಯಿಂದ ಅಗೆದರೆ ಹೆಂಗಸರು ಸಲಿಕೆಯಿಂದ ಬುಟ್ಟಿ ತುಂಬಿ ಏರಿಯ ಮೇಲೆ ಸುರಿಯುತ್ತಿದ್ದರು. ಕೂಲಿಕಾರರ ಗುಂಪಿನ ಉಸ್ತುವಾರಿ ನೋಡುವ ಕಾಯಕ ಬಂಧು ಮೊಬೈಲ್ ಹಿಡಿದು ಹಾಜರಾತಿಯ ಫೋಟೊ ತೆಗೆಯಲು ನೆಟ್‌ವರ್ಕ್ ಹುಡುಕಿಕೊಂಡು ಏರಿ ಹತ್ತುತ್ತಿದ್ದಳು. ದಿನಕ್ಕೆ ಎರಡು ಸಲ ಫೋಟೊ ಬೀಳಬೇಕು. ಅದು ಬೀಳದಿದ್ದರೆ ಬೆವರು ಸುರಿಸಿದ ದಿನವೂ ಲೆಕ್ಕಕ್ಕೆ ಸಿಗುವುದು ಕಷ್ಟ. ಸುಳ್ಳು ಹಾಜರಾತಿ ತಡೆಯಲು ಇಂಥ ವ್ಯವಸ್ಥೆ ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ನೆಟ್‌ವರ್ಕ್ ಇಲ್ಲದ್ದಕ್ಕೆ ಕೂಲಿಕಾರರು ದಂಡ ತೆರುವುದು ನ್ಯಾಯವಲ್ಲ.

ನನ್ನ ದೊಡ್ಡ ಆಕ್ಷೇಪ ಕೂಲಿಯ ವಿಳಂಬದ ಬಗ್ಗೆ. ಕಾನೂನಿನ ಪ್ರಕಾರ 15 ದಿನಗಳೊಳಗೆ ಪಾವತಿಯಾಗಬೇಕು. ನಾನು ಕಂಡ ಪಂಚಾಯಿತಿಯಲ್ಲಿ ಆ ಗಡುವು ದಾಟಿಹೋಗಿತ್ತು. “ರೊಕ್ಕ ಯಾವಾಗ ಬರ್ತದಂತ ಅಷ್ಟು ಹೇಳ್ರಿ ಅಣ್ಣಾ, ಅಂಗಡ್ಯಾಗ ಉದ್ರಿ ಕೊಡವಲ್ಲರು” ಎಂದು ಒಬ್ಬ ತಾಯಿ ಕೇಳಿದಾಗ ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅದೇ ಹೊತ್ತಿಗೆ ಕಟ್ಟಡ ಕೆಲಸಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಮನೆ ಬಾಗಿಲಿಗೆ ಬಂದು ಮುಂಗಡ ಎಣಿಸಿ ಕೊಡುತ್ತಾನೆ. ಆ ಮುಂಗಡ ತೀರುವವರೆಗೆ ಊರ ಕಡೆ ತಿರುಗುವ ಹಾಗಿಲ್ಲ ಎಂದು ಗೊತ್ತಿದ್ದೂ ಜನ ಅದನ್ನೇ ಹಿಡಿಯುತ್ತಾರೆ, ಏಕೆಂದರೆ ಸಾಲದ ಬಡ್ಡಿ ಸರ್ಕಾರದ ಪಾವತಿಗಾಗಿ ಕಾಯುವುದಿಲ್ಲ.

ವಲಸೆಯನ್ನು ಅದರ ಮೂಲದಲ್ಲೇ ತಡೆಯುವ ಪ್ರಯತ್ನವನ್ನು ಅಮೆರಿಕವೂ ಮಾಡಿದೆ. ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳಲ್ಲಿ ಬಡತನದ ಜೊತೆ ಹಣ ಸುಲಿಯುವ ಪುಂಡರ ಗುಂಪುಗಳ ಹಿಂಸೆಯೂ ಜನರನ್ನು ಉತ್ತರಕ್ಕೆ ಓಡಿಸುತ್ತದೆ. ನಮ್ಮಲ್ಲಿ ಆ ಭಯವಿಲ್ಲ, ಇಲ್ಲಿ ಓಡಿಸುವುದು ಸಾಲ ಮತ್ತು ಮಳೆ. 2019ರಲ್ಲಿ ಟ್ರಂಪ್ ಸರ್ಕಾರ ಆ ದೇಶಗಳ ನೆರವನ್ನು ತಡೆಹಿಡಿಯಿತು. 2021ರಲ್ಲಿ ಬೈಡನ್ ಸರ್ಕಾರ ನಾಲ್ಕು ವರ್ಷಗಳಿಗೆ 400 ಕೋಟಿ ಡಾಲರ್‌ಗಳ ಯೋಜನೆ ಪ್ರಕಟಿಸಿತು. ಹೀಗೆ ಒಮ್ಮೆ ನಿಂತು ಒಮ್ಮೆ ಬರುವ ನೆರವನ್ನು ನಂಬಿ ಯಾವ ಕುಟುಂಬವೂ ಊರಿನಲ್ಲಿ ಉಳಿಯುವ ನಿರ್ಧಾರ ಮಾಡಲಾರದು. ಕಾನೂನಿನ ಹಕ್ಕಾಗಿ, ನೇರವಾಗಿ ಖಾತೆಗೆ ಬರುವ ನಮ್ಮ ಕೂಲಿ ಈ ದೃಷ್ಟಿಯಿಂದ ಮೇಲು, ಆದರೆ ಹೊತ್ತಿಗೆ ಬಾರದಿದ್ದರೆ ಆ ಮೇಲ್ಮೆ ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ಕೊರತೆ ದಿನಗಳದ್ದು. 2025ರ ಬೇಸಿಗೆಯಲ್ಲಿ ನಾನು ಕಂಡಾಗ ವರ್ಷಕ್ಕೆ 100 ದಿನದ ಕೆಲಸ ಎಂಬುದು ಇಡೀ ಕುಟುಂಬಕ್ಕೆ ಸೇರಿ ಇತ್ತು. ಗಂಡ ಹೆಂಡತಿ ಇಬ್ಬರೂ ದುಡಿದರೆ 50 ದಿನಕ್ಕೆ ಮುಗಿಯುತ್ತಿತ್ತು. ಪೂರ್ತಿ ದಿನಗಳು ಸಿಕ್ಕರೂ ಆಗಿನ ದರದಲ್ಲಿ ಕೈಸೇರುತ್ತಿದ್ದುದು 37,000 ರೂಪಾಯಿ. ಕೂಲಿ ಅಗೆದ ಅಳತೆಗೆ ತಕ್ಕಂತೆ ಬರುವುದರಿಂದ ಗಟ್ಟಿ ನೆಲದಲ್ಲಿ ಅದೂ ಇಳಿಯಬಹುದು. ಕೆಲಸದ ವೇಳೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಗಳು ಮಾತ್ರ ನಿಜಕ್ಕೂ ಒಳ್ಳೆಯ ಸೇರ್ಪಡೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕೂಲಿ ಹದಿನೈದು ದಿನಕ್ಕೆ ತಪ್ಪದೆ ಬಂದರೆ ನಾಲ್ಕೂವರೆ ಕೊಡಲು ಹಿಂಜರಿಯುವುದಿಲ್ಲ. ಈ ಸೇವೆ ಬಳಸುವವರು ಮೇಸ್ತ್ರಿ ಊರಿಗೆ ಬರುವ ಮುನ್ನವೇ, ಡಿಸೆಂಬರ್ ಹೊತ್ತಿಗೆ ಕೆಲಸಕ್ಕೆ ಅರ್ಜಿ ಕೊಟ್ಟು, ದಿನಾಂಕವಿರುವ ರಸೀದಿಯನ್ನು ಕೇಳಿ ಪಡೆಯಲಿ. 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ರಸೀದಿಯೇ ಆಧಾರ.